ಬಂಡೆಯ ಆಚೆಯಿಂದ ಮೂರು ಏಟು

೧೯೬೧. ನಾನಾಗ ಜೋಯಿಡಾ ಕಾಡಿನ ಒಂದು ಮ್ಯಾಂಗನೀಸ್ ಗಣಿಯಲ್ಲಿ ಫೋರ್‌ಮನ್. ದೆವ್ವ, ಭೂತ ಎಂದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸುರಂಗದಲ್ಲಿ ಕೆಲಸವೆಲ್ಲ ಜ್ಯಾಕ್‌ಹ್ಯಾಮರ್‌ನದು. ಹೊರಗಿನ ಕಂಪ್ರೆಸರ್‌ನಿಂದ ರಬ್ಬರ್ ಕೊಳವೆಯಲ್ಲಿ ಬರುವ ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಉಕ್ಕಿನ ರಾಡಿನ ತಲೆಗೆ ಬಡಿಯುತ್ತದೆ. ಪ್ರತಿ ಏಟಿಗೂ ರಾಡು ತುಸು ತಿರುಗಿ ಕಲ್ಲಿನ ಹೊಸ ಜಾಗ ಕಚ್ಚುತ್ತದೆ. ರಾಡು ಟೊಳ್ಳು, ಅದರೊಳಗಿಂದ ನುಗ್ಗುವ ಗಾಳಿ ತೂತಿನ ಪುಡಿಯನ್ನು ಹೊರಗೆ ಊದುತ್ತದೆ. ಆಮೇಲೆ ಆ ತೂತಿಗೆ ಮದ್ದು ತುಂಬಿ ಸಿಡಿಸುವುದು.

ಮದ್ದು ತುಂಬುವ ಮುಂಚೆ ಮಳಗಿ ಊರಿನ ಡ್ರಿಲ್ಲರ್ ಕಲ್ಲಪ್ಪ ಯಂತ್ರ ನಿಲ್ಲಿಸಿ, ರಾಡಿನಿಂದ ಬಂಡೆಗೆ ಮೂರು ಏಟು ಹಾಕುತ್ತಿದ್ದ. ಗುಡ್ಡದ ಅಪ್ಪಣೆ ಕೇಳುವುದಂತೆ! "ಗುಡ್ಡ ಏನ್ ನಿಮ್ಮ ಮಾವ ಏನೋ?" ಎಂದು ನಾನು ಕಾಡಿಸುತ್ತಿದ್ದೆ.

ಒಂದು ಬೆಳಿಗ್ಗೆ ಎಂದಿನಂತೆ ಮೂರು ಏಟು ಹಾಕಿದ. ಬಂಡೆಯೊಳಗಿಂದ ಮೂರು ಏಟು ತಿರುಗಿ ಬಂದವು.

ಕೂಲಿಗಳು ಓಡಿಯೇ ಹೋದರು. ನಾನು ಗದರಿದೆ: "ಕಲ್ಲು ಕುಸಿಯೂ ಸಪ್ಪಳ ಅದು!"

ಕಲ್ಲಪ್ಪ ಕದಲಲಿಲ್ಲ. "ಸಾಹೇಬ್ರ, ಇದರ ಹಿಂದ ಹಳೀ ಸುರಂಗ ಐತಿ. ಈರಪ್ಪ ನಿನ್ನಿಯಿಂದ ಕಂಡಿಲ್ರಿ."

ಈರಪ್ಪ ಅವನ ಜೋಡಿ ಡ್ರಿಲ್ಲರ್. ತೇರಗಾಂವದ ಮನೆಗೆ ಹೋಗಿದ್ದಾನೆಂದೇ ನಾವೆಲ್ಲ ತಿಳಿದಿದ್ದೆವು. ಹೋಗಿ ನೋಡಿದರೆ ಹಳೆಯ ಸುರಂಗದ ಬಾಯಿ ಕುಸಿದು ಮುಚ್ಚಿತ್ತು. ನಮ್ಮವರು ಒಳಗೆ ಹೋಗುವಾಗ ಚಪ್ಪಲಿ ಹೊರಗೇ ಬಿಡುವುದು ರೂಢಿ. ಈರಪ್ಪನ ಚಪ್ಪಲಿ ಅಲ್ಲಿದ್ದವು. ಮದ್ದು ಸಿಡಿಸಿದ್ದರೆ ಅವನು ಅಲ್ಲೇ ಮಣ್ಣಾಗುತ್ತಿದ್ದ.

ಮೊದಲು ಅವನಿಗೆ ಗಾಳಿ ಸಿಗಲೆಂದು ನಮ್ಮ ಸುರಂಗಕ್ಕೆ ಮರಳಿದೆವು; ಒಳಗಿನವನಿಗೆ ರಾಡು ತಾಗದಿರಲೆಂದು ಕಲ್ಲಪ್ಪ ಬಂಡೆಯನ್ನು ಸುರಂಗದ ಚಾವಣಿಯ ಹತ್ತಿರ, ಎತ್ತರದಲ್ಲಿ ಕೊರೆದ. ರಾಡು ಒಮ್ಮೆಲೇ ಮುಂದಕ್ಕೆ ನುಗ್ಗಿ ಟೊಳ್ಳಿಗೆ ಬಿತ್ತು. ಬಡಿತ ನಿಲ್ಲಿಸಿ ಬರೀ ಗಾಳಿ ಬಿಟ್ಟೆವು. ತುಸು ಹೊತ್ತಿಗೆ ಆಚೆಯಿಂದ ಯಾರೋ ಕೆಮ್ಮಿದರು. ಕಲ್ಲಪ್ಪ ಬಂಡೆಗೆ ಹಣೆ ಹಚ್ಚಿ ಅತ್ತುಬಿಟ್ಟ.

ಹಳೆಯ ಸುರಂಗದ ಬಾಯಿಯ ಮಣ್ಣು ತೋಡಿ ಒಳಹೊಕ್ಕಾಗ ಮಧ್ಯಾಹ್ನ. ಈರಪ್ಪ ಎದೆಯ ತನಕ ಹೂತುಹೋಗಿದ್ದ; ಎರಡೂ ಕೈ ಕಲ್ಲಿನಡಿ ಸಿಕ್ಕಿದ್ದವು.

"ಮತ್ತ ಬಂಡೆಗೆ ಹೆಂಗ ಬಡದ್ಯೋ?" ಎಂದೆ.

"ನಾ ಎಲ್ಲಿ ಬಡೀಲಿ ರೀ? ನೀವು ಬಡದದ್ದು ಕೇಳ್ತು. ಒದರಾಕ ಉಸಿರಿಲ್ಲ. ಆಮ್ಯಾಲ ನನ್ನ ಬಾಜೂಕ ಯಾರೋ ಬಡದ್ರು."

ಅಲ್ಲಿ ಬೇರೆ ಯಾರೂ ಇರಲಿಲ್ಲ.

ಮದ್ದಿಗೆ ಬೆಂಕಿ ಇಡುವ ಮುಂಚೆ ಯಂತ್ರ ನಿಲ್ಲಿಸಿ ಕಿವಿಗೊಡಬೇಕೆಂಬುದು ಗಣಿ ನನಗೆ ಕಲಿಸಿದ ಪಾಠ. ನಿವೃತ್ತನಾಗುವ ತನಕ ಆ ಮೂರು ಏಟು ನಾನೇ ಹಾಕಿದೆ. ಯಾರಾದರೂ ನಕ್ಕರೆ ಚೆನ್ನಾಗಿ ಬೈಯುತ್ತಿದ್ದೆ.