ಕೈಯಲ್ಲೇ ತಿರುಗಿದ ನಟ್ಟು

ಜೋಕಾಲಿಯ ನಟ್ಟು ಸಡಿಲವಾಗಿದೆ ಎಂದು ಸಿಂಚನಾ ನನಗೆ ಹೇಳಿದ್ದಳು. ನಾನು ಬಿಗಿ ಮಾಡಲಿಲ್ಲ. ಎರಡು ದಿನದ ನಂತರ ಒಂದು ಮಗುವಿನ ಕೈ ಮುರಿಯಿತು. ತಪ್ಪನ್ನು ನಾನು ಅವಳ ಮೇಲೆ ಹಾಕಿದೆ. ಆಗ ಅವಳಿಗೆ ಐದು ವರ್ಷ. ಈಗ ಏಳನೇ ತರಗತಿಯಲ್ಲಿದ್ದಾಳೆ.

ಸಂತೇಬೆನ್ನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಟೀಚರ್. ನಮ್ಮ ಅಂಗಳದಲ್ಲಿ ಒಂದು ಜಾರುಬಂಡೆ, ಒಂದು ಜೋಕಾಲಿ ಇದ್ದವು. ಶನಿವಾರ ಊಟಕ್ಕೆ ಮುಂಚೆ ಅವುಗಳ ಆರೈಕೆ ಮಕ್ಕಳದೇ ಕೆಲಸ. ಕೆಲವರು ಧೂಳು ಒರೆಸುತ್ತಿದ್ದರು, ಕೆಲವರು ಹಲಗೆಯ ಸಿಬಿರನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ನಟ್ಟುಗಳನ್ನು ಕೈಯಿಂದ ತಿರುಗಿಸಿ ನೋಡಿ, ಅಲುಗಿದರೆ ನನಗೆ ಹೇಳಬೇಕು. ನಟ್ಟು ಬಿಗಿಯುವ ಪಾನಾ ಮಾತ್ರ ನನ್ನ ಕೈಯಲ್ಲೇ ಇರುತ್ತಿತ್ತು. ತಾವೇ ನೋಡಿಕೊಂಡ ಸಾಮಾನನ್ನು ಮಕ್ಕಳು ಒದ್ದು ಹಾಳು ಮಾಡುತ್ತಿರಲಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು — ಬೇರೆ ಊರಿನ ಟೀಚರುಗಳ ಮುಂದೆ ಹೇಳಿಕೊಳ್ಳುವಷ್ಟು.

ಆ ಶನಿವಾರ ನಾನು ಮಕ್ಕಳ ತೂಕ ಬರೆಯುತ್ತಾ ಕೂತಿದ್ದೆ. ಸಿಂಚನಾ ಬಂದು ನಿಂತಳು.

"ಟೀಚರ್, ಜೋಕಾಲಿ ನಟ್ಟು ಕೈಯಾಗೇ ತಿರುಗ್ತೈತೆ."

"ಆಮೇಲೆ ಬಿಗಿ ಮಾಡ್ತೀನಿ, ಹೋಗು" ಎಂದೆ. ಅಷ್ಟರಲ್ಲಿ ರೇಷನ್ ಗಾಡಿ ಬಂತು. ಚೀಲ ಇಳಿಸಿಕೊಳ್ಳುವ ಗಡಿಬಿಡಿಯಲ್ಲಿ ಮರೆತೆ. ಪೂರ್ತಿ ಮರೆತಿದ್ದೆನೇ? ಬೀಗ ಹಾಕುವಾಗ ಒಮ್ಮೆ ನೆನಪಾಯಿತು. ಸೋಮವಾರ ನೋಡಿದರಾಯಿತು ಅಂದುಕೊಂಡೆ.

ಸೋಮವಾರ ನಾನು ನೋಡುವ ಮೊದಲೇ ಮನೋಜ ಎಂಬ ಹುಡುಗ ಜೋಕಾಲಿ ಹತ್ತಿದ್ದ. ಹಲಗೆಯ ಒಂದು ಬದಿ ಕಳಚಿತು. ಬಿದ್ದ ಪೆಟ್ಟಿಗೆ ಅವನ ಮುಂಗೈ ಮೂಳೆ ಮುರಿಯಿತು. ಚನ್ನಗಿರಿ ಆಸ್ಪತ್ರೆಯಲ್ಲಿ ಅವನಿಗೆ ಪಟ್ಟಿ ಹಾಕಿಸಿ ಅವನ ಅಪ್ಪ ನೇರವಾಗಿ ಅಂಗನವಾಡಿಗೇ ಬಂದರು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೂ ಅಲ್ಲಿದ್ದರು.

"ಚಿಕ್ಕ ಮಕ್ಕಳ ಕೈಲಿ ರಿಪೇರಿ ಮಾಡಿಸಿದ್ರೆ ಇನ್ನೇನಾಗ್ತೈತ್ರೀ?" ಎಂದು ಕೇಳಿದರು.

ನಾನು ಹೇಳಿದ್ದು ಇಷ್ಟೇ: "ಶನಿವಾರ ಸಿಂಚನಾ ಆ ನಟ್ಟು ತಿರುಗಿಸ್ತಿದ್ಲು. ನಾನು ನೋಡ್ಲಿಲ್ಲ."

ಆ ಮಾತನ್ನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಅವಳು ತಿರುಗಿಸಿದ್ದು ನಿಜ — ನಾನೇ ಕಲಿಸಿದ ಹಾಗೆ, ಸಡಿಲವಾಗಿದೆಯೇ ಎಂದು. ನಾನು ನೋಡದಿದ್ದದ್ದೂ ನಿಜ. ಬಂದು ಹೇಳಿದ್ದಳು ಎಂಬುದನ್ನು ಮಾತ್ರ ನುಂಗಿದೆ. ತಿರುಗಿಸಿದೆಯಾ ಎಂದು ಮನೋಜನ ಅಪ್ಪ ಅಲ್ಲೇ ಇದ್ದ ಅವಳನ್ನೇ ಕೇಳಿದಾಗ "ಹೂಂ, ತಿರುಗ್ತು" ಎಂದಳು. ತಪ್ಪೊಪ್ಪಿಗೆಯೆಂದು ಎಲ್ಲರೂ ತಿಳಿದರು. ನಾನು ತಿದ್ದಲಿಲ್ಲ.

ಶನಿವಾರದ ಕೆಲಸ ಅಲ್ಲಿಗೆ ನಿಂತಿತು. ಮಕ್ಕಳ ಸುರಕ್ಷತೆಗೆ ಎಂದೆ. ನಿಜವೆಂದರೆ, ಆ ಹುಡುಗಿ ನಟ್ಟು ಮುಟ್ಟಿ ಮತ್ತೆ ನನ್ನ ಬಳಿ ಬಂದರೆ ಅವಳ ಮುಖ ನೋಡುವುದು ಹೇಗೆ ಎಂಬ ಅಂಜಿಕೆ.

ಹೋದ ತಿಂಗಳು ಹೊಸ ಜೋಕಾಲಿ ಬಂತು. ಹಿಂದೆ ಮಕ್ಕಳಿಂದಲೇ ಆರೈಕೆ ಮಾಡಿಸುತ್ತಿದ್ದಿರಂತಲ್ಲ, ಯಾಕೆ ಬಿಟ್ಟಿರಿ ಎಂದು ಮೇಲ್ವಿಚಾರಕಿ ಕೇಳಿದರು. "ಒಂದು ಹುಡುಗಿ ನಟ್ಟು ಬಿಚ್ಚಿಬಿಟ್ಟಿದ್ಲು ಮೇಡಂ" ಎಂದೆ. ಈ ಸಲ ಅರ್ಧ ಸತ್ಯವೂ ಇರಲಿಲ್ಲ. ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂದು ನನಗೇ ದಿಗಿಲಾಯಿತು.

ಅದೇ ದಿನ ಸಂಜೆ ಸಿಂಚನಾಳ ಮನೆಗೆ ಹೋದೆ. ಅವಳ ಅಮ್ಮ ಶೋಭಾ ಜಗಲಿಯ ಮೇಲೆ ಅವರೆ ಬಿಡಿಸುತ್ತಿದ್ದಳು. ಸಿಂಚನಾ ಪಕ್ಕದಲ್ಲೇ ಬರೆಯುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಇಬ್ಬರಿಗೂ ಹೇಳಿದೆ.

ಶೋಭಾಳ ಕೈ ನಿಂತಿತು. ನನ್ನನ್ನು ಬೈಯಲಿಲ್ಲ.

"ಅವತ್ತು ಮನೆಗೆ ಬಂದು ಹೊಡ್ದೆ ರೀ ಇವಳಿಗೆ. ಟೀಚರಿಗೆ ಹೇಳಿದ್ದೆ ಕಣಮ್ಮ ಅಂತ ಅಳ್ತಾನೇ ಇದ್ಲು. ಟೀಚರ್ ಮೇಲೇ ಸುಳ್ಳು ಹೇಳ್ತೀಯಾ ಅಂತ ಇನ್ನೆರಡು ಕೊಟ್ಟೆ."

ಇದು ನನಗೆ ಗೊತ್ತಿರಲಿಲ್ಲ — ಗೊತ್ತು ಮಾಡಿಕೊಳ್ಳಲು ನಾನು ಯಾವತ್ತೂ ಹೋಗಿರಲಿಲ್ಲ.

"ನಂಗೆ ನೆನಪಿಲ್ಲ ಟೀಚರ್" ಎಂದು ಸಿಂಚನಾ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ತಾಯಂದಿರ ಸಭೆಯಿದೆ. ಮನೋಜನ ಅಪ್ಪನಿಗೂ, ಮೇಲ್ವಿಚಾರಕಿಗೂ ಬರಲು ಹೇಳಿದ್ದೇನೆ. ಅವರೆಲ್ಲರ ಮುಂದೆ ಇದನ್ನೇ ಹೇಳುತ್ತೇನೆ. ಸಿಂಚನಾ ಬರುವುದಿಲ್ಲವಂತೆ. ಬಾ ಎಂದು ಕರೆಯುವ ಹಕ್ಕು ನನಗಿಲ್ಲ.