ತೆರೆದಿಟ್ಟ ನಕಲು

ನಮ್ಮ ಮನೆಯವರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬೀಗದಣ್ಣ ಎಂದೇ ಕರೆಯುತ್ತಾರೆ. ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ರೋಗಿಗಳ ವಿವರವನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂದು ತೀರ್ಮಾನಿಸುವವರು ಅವರೇ. ದೊಡ್ಡ ಡಾಕ್ಟರು ಕೇಳಿದರೂ ಪಾಸ್‌ವರ್ಡ್ ಕೊಡದ ಪುಣ್ಯಾತ್ಮ. ಮನೆಯಲ್ಲೂ ಅಷ್ಟೇ, ನಾನು ಹಾಕಿದ ಚಿಲಕವನ್ನು ಮತ್ತೆ ಎದ್ದು ಹೋಗಿ ಎಳೆದು ನೋಡಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾದಿನಿ ಗಂಡನ ಏಟು ತಾಳಲಾರದೆ ಮಗಳನ್ನು ಎತ್ತಿಕೊಂಡು ಬಂದಾಗ, ಅವಳಿಗೆ ಊರಾಚೆ ಒಂದು ಕೋಣೆ ಹುಡುಕಿಕೊಟ್ಟವರು ಇವರೇ. ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಆ ಜಾಗ ಗೊತ್ತಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಮಗುವಿಗೆ ಉಬ್ಬಸ. ಆಸ್ಪತ್ರೆಗೆ ಬರಲೇಬೇಕು, ಬಂದರೆ ವಿಳಾಸ ಬರೆಸಲೇಬೇಕು. ಇವರು ತಮ್ಮ ಬೀಗಗಳನ್ನು ನಂಬಿ ಸರಿಯಾದ ವಿಳಾಸವನ್ನೇ ಬರೆಸಿದರು.

ಬೀಗವೇನೋ ಗಟ್ಟಿಯಾಗಿಯೇ ಇತ್ತು. ಆದರೆ ಆ ಮಾಹಿತಿಯದ್ದೆಲ್ಲ ದಿನವೂ ಒಂದು ನಕಲು ತೆಗೆದು ಬೇರೆ ಕಡೆ ಇಡುತ್ತಾರೆ, ಬ್ಯಾಕಪ್ ಎಂದು. ಹೊಸ ಡಿಸ್ಕ್ ಹಾಕಿದಾಗ, ಅದರಲ್ಲಿ ಬರೆಯಲು ಅನುಮತಿ ಇಲ್ಲದೆ ಆ ನಕಲು ನಿಂತುಹೋಯಿತು. ಮೇಲಿನವರು ಎಲ್ಲರೆದುರು ಛೀಮಾರಿ ಹಾಕಿದರು. ಇವರು ಆ ಅವಮಾನದಲ್ಲಿ, ಯಾರು ಬೇಕಾದರೂ ಬರೆಯಲಿ, ಯಾರು ಬೇಕಾದರೂ ಓದಲಿ ಎಂದು ನಕಲು ಇಡುವ ಫೋಲ್ಡರನ್ನೇ ತೆರೆದುಬಿಟ್ಟರು. ನಾಳೆ ಬಿಗಿ ಮಾಡಿದರಾಯಿತು ಎಂದುಕೊಂಡರಂತೆ. ನಕಲು ಸರಾಗವಾಗಿ ಬಂತು, ಬೈಗುಳ ನಿಂತಿತು, ನಾಳೆ ಮರೆತುಹೋಯಿತು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾದದ್ದು ತಂಗಿಯ ಮನೆ.

ಬಿಲ್ಲಿಂಗ್‌ನಲ್ಲಿ ಕೂರುವವನೊಬ್ಬ ನಾದಿನಿಯ ಗಂಡನ ಸ್ನೇಹಿತ. ಅವನಿಗೆ ಪಾಸ್‌ವರ್ಡೇ ಬೇಕಾಗಲಿಲ್ಲ. ನಕಲು ತೆರೆದ, ಮಗುವಿನ ಹೆಸರು ಹುಡುಕಿದ, ಸ್ನೇಹಿತನಿಗೆ ವಿಳಾಸ ಹೇಳಿದ. ಆಮೇಲೆ ಇವರು ಹೋಗಿ ಕೇಳಿದ್ದಕ್ಕೆ ಹಲ್ಲು ಕಿರಿಯುತ್ತ, "ತೆರೆದೇ ಇತ್ತಲ್ಲ ಸಾರ್, ನೋಡ್ಬಾರ್ದು ಅಂತ ಯಾರು ಹೇಳಿದ್ರು?" ಅಂದನಂತೆ. ಅವನ ಬಾಯಿಗೆ ಹುಳ ಬೀಳ.

ಗಂಡ ಆ ಕೋಣೆಗೆ ನುಗ್ಗಿ ಹೊಡೆದ ಏಟಿಗೆ ನಾದಿನಿಯ ಬಲಗೈ ಎರಡು ಕಡೆ ಮುರಿದಿತ್ತು. ಮಗುವನ್ನೂ ಎಳೆದುಕೊಂಡು ಹೋಗುತ್ತಿದ್ದನಂತೆ, ಪಕ್ಕದ ಕೋಣೆಯವರು ಬಂದು ಬಿಡಿಸಿದರು. ಪೊಲೀಸರು ಹಿಡಿದರು, ಅವನು ಕೆಲವೇ ದಿನದಲ್ಲಿ ಹೊರಗೆ ಬಂದ. ಅವಳು ಮತ್ತೆ ಜಾಗ ಬದಲಾಯಿಸಬೇಕಾಯಿತು.

ಹೊರಡುವ ದಿನ ಇವರು ನಡೆದದ್ದನ್ನೆಲ್ಲ ಅವಳೆದುರು ಹೇಳಿಕೊಂಡರು. ಹೇಳಿ ಏನಾಗಬೇಕು, ಸುಮ್ಮನಿರಿ ಎಂದು ನಾನು ಬಡಿದುಕೊಂಡೆ. ಕೇಳಲಿಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ನಿನ್ನ ಮೇಲೆ ಕೋಪ ಇಲ್ಲ ಅಣ್ಣ," ಅಂದಳು. "ಆದ್ರೆ ಈ ಸಲ ಎಲ್ಲಿಗೆ ಹೋಗ್ತೀನಿ ಅಂತ ನಿಂಗೂ ಹೇಳಲ್ಲ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ಬಾಡಿಗೆ ಕಾರು ಬಂತು. ಇವರು ಚೀಲ ಒಳಗಿಟ್ಟರು, ಮಗುವಿನ ತಲೆ ಸವರಿದರು. ಅವಳು ಡ್ರೈವರಿಗೆ ಜಾಗದ ಹೆಸರು ಹೇಳುವ ಮೊದಲೇ, ಮಾತು ಕಿವಿಗೆ ಬೀಳದಷ್ಟು ದೂರ ಹೋಗಿ, ಗೋಡೆಯ ಕಡೆ ತಿರುಗಿ ನಿಂತರು.