ಪೆನ್ಸಿಲ್ ಚೀಟಿಗಳು

ಕಡಲಿಲ್ಲದ ಊರಿನಲ್ಲಿ ಕೂತು ಕಡಲಿನ ಸೈನ್ಸ್ ಮಾಡಿದವಳು ನಾನು. ಹಲಸೂರು ಕೆರೆಯ ಹಿಂದಿನ ಒಂದು ಹಳೆಯ ಬಂಗಲೆಯಲ್ಲಿ ನಮ್ಮ ಲ್ಯಾಬ್ ಇತ್ತು. ಕರಾವಳಿಯಲ್ಲಿ ಹೊಳೆ ಕಡಲು ಸೇರುವ ಒಂದು ಅಳಿವೆಯಿಂದ ಕೆಸರು ತೆಗೆದು, ಅಲ್ಲೇ ಜಾಲರಿಯಲ್ಲಿ ತೊಳೆದು, ಉಳಿದ ಹುಳು, ಚಿಪ್ಪಿಮರಿಗಳನ್ನು ಸ್ಪಿರಿಟ್ ತುಂಬಿದ ಬಾಟಲಿಗಳಲ್ಲಿ ಬೆಂಗಳೂರಿಗೆ ತರುತ್ತಿದ್ದೆವು. ಬಾಟಲಿಗಳೋ, ರಸೆಲ್ ಮಾರುಕಟ್ಟೆಯ ಹಿಂದೆ ಸಿಗುತ್ತಿದ್ದ ಸೆಕೆಂಡ್‌ಹ್ಯಾಂಡ್ ಉಪ್ಪಿನಕಾಯಿ ಬಾಟಲಿಗಳು. ಎಷ್ಟು ತೊಳೆದರೂ ಮುಚ್ಚಳದಲ್ಲಿ ಮೆಂತ್ಯದ ವಾಸನೆ ಉಳಿದಿರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಅಳಿವೆಯ ದಡದಲ್ಲಿ ಸಿಗಡಿ ಸಾಕುವ ಹೊಂಡಗಳಿರಲಿಲ್ಲ. ಆಮೇಲೆ ಸಾಲುಸಾಲಾಗಿ ಬಂದವು. ಹೊಂಡದ ಕೊಳಕು ನೀರು ಹೊಳೆಗೆ ಬಿದ್ದು ಕೆಸರಿನ ಜೀವ ಏನಾಗುತ್ತಿದೆ ಎಂದು ತೋರಿಸಬೇಕಾದರೆ, ಮೊದಲು ಏನಿತ್ತು ಎಂಬುದಕ್ಕೆ ಪ್ರೂಫ್ ಬೇಕು. ಆಗ ತುಂಬಿಟ್ಟ ಬಾಟಲಿಗಳಲ್ಲಿ ಅದು ನನ್ನ ಹತ್ತಿರ ಮಾತ್ರ ಇತ್ತು. ಅಲ್ಲಿ ಚಿಪ್ಪಿ ಹೆಕ್ಕಿ ಬದುಕುತ್ತಿದ್ದ ಹೆಂಗಸೊಬ್ಬಳು ಒಮ್ಮೆ ನೇರವಾಗಿ ಕೇಳಿದ್ದಳು: “ಅಮ್ಮಾ, ನಮ್ಮ ಕೆಸರು ಹೊತ್ಕಂಡು ಹೋಗಿ ಎಂತಾ ಮಾಡ್ತ್ರಿ?” ನಿಮ್ಮ ಪರವಾಗಿ ಅದೇ ಸಾಕ್ಷಿ ಹೇಳುತ್ತದೆ ಎಂದು ನಾನು ದೊಡ್ಡ ಮಾತಾಡಿ ಬಂದಿದ್ದೆ.

ಪ್ರತಿ ಬಾಟಲಿಯೊಳಗೂ ಒಂದು ಚೀಟಿ: ಅಳಿವೆಯಲ್ಲಿ ಕೆಸರು ತೆಗೆದ ಜಾಗ, ತಿಂಗಳು, ವರ್ಷ. ಪೆನ್ಸಿಲಿನಲ್ಲೇ ಬರೆಯಬೇಕು, ಸ್ಪಿರಿಟ್ಟಿಗೆ ಪೆನ್ಸಿಲ್ ಅಳಿಸುವುದಿಲ್ಲ. ಬರೆಯುತ್ತಿದ್ದವರು ನಮ್ಮ ಲ್ಯಾಬ್ ಅಟೆಂಡರ್, ಶಿವಾಜಿನಗರದವರು, ಎಲ್ಲರಿಗೂ ಭಾಯ್. ಅವರ ಅಕ್ಷರ ಮಾತ್ರ ಕೋಳಿ ಕೆದಕಿದಂತೆ. ಹ್ಯಾಂಡ್‌ರೈಟಿಂಗ್ ಸರಿಯಿಲ್ಲದಿದ್ದರೆ ಸಿಸ್ಟರ್ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದ ಕಾನ್ವೆಂಟಿನಲ್ಲಿ ಕಲಿತವಳು ನಾನು. ಆ ಚೀಟಿಗಳನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆಗ ಆಫೀಸಿಗೆ ಹೊಸ ಪ್ರಿಂಟರ್ ಬಂತು, ಶಾಯಿ ಚಿಮ್ಮಿಸಿ ಬರೆಯುವಂಥದ್ದು. ಅದೇ ಹೊತ್ತಿಗೆ ಹೊರಗಿನ ಕಮಿಟಿಯೊಂದು ಲ್ಯಾಬ್ ನೋಡಲು ಬರುವುದಿತ್ತು. ಎಲ್ಲ ಬಾಟಲಿಗಳ ಒಳಗೂ ಪ್ರಿಂಟೆಡ್ ಲೇಬಲ್ ಹಾಕಿ, ಹಳೆಯ ಚೀಟಿಗಳನ್ನು ಎಸೆಯಿರಿ ಎಂದೆ. ಭಾಯ್ ತಲೆ ಕೆರೆದುಕೊಂಡರು.

“ಪೆನ್ಸಿಲ್ ಚೀಟಿನೂ ಒಳಗೇ ಇರ್ಲಿ ಮೇಡಂ. ಅದೇನ್ ಅನ್ನ ಕೇಳುತ್ತಾ?”

ನೀಟಾಗಿ ಕಾಣುವುದಿಲ್ಲ ಎಂದೆ. ಅಷ್ಟೇ ನಾನು ಕೊಟ್ಟ ಕಾರಣ. ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ಊಟ ಸೇರುವುದಿಲ್ಲ.

ಕಮಿಟಿ ಬಂತು, ಶೆಲ್ಫ್ ನೋಡಿ ಮೆಚ್ಚಿತು, ಹೋಯಿತು. ನಾನು ಹೊಸ ಕೆಸರಿನ ಕೆಲಸದಲ್ಲಿ ಮುಳುಗಿದೆ. ಮಳೆಗಾಲ ಕಳೆದ ಮೇಲೆ ಹಳೆಯ ಬಾಟಲಿಗಳನ್ನು ಎಣಿಸಲು ಇಳಿಸಿದರೆ ಸ್ಪಿರಿಟ್ಟೆಲ್ಲ ತಿಳಿನೀಲಿ. ಲೇಬಲ್ಲುಗಳು ಬೆಳ್ಳಗೆ, ತೊಳೆದ ಕರ್ಚೀಫಿನಂತೆ. ಯಾವ ಜಾಗದಲ್ಲಿ ಯಾವಾಗ ಹೋಗಿದ್ದೆ ಎಂಬುದು ನೋಟ್‌ಬುಕ್ಕಿನಲ್ಲಿತ್ತು. ಯಾವ ಬಾಟಲಿ ಯಾವುದು ಎಂಬುದು ಎಲ್ಲೂ ಇರಲಿಲ್ಲ. ಪ್ರಿಂಟರಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಸ್ಕೂಲ್ ಹುಡುಗಿಯರಿಗೂ ಗೊತ್ತಿರುವ ಕೆಮಿಸ್ಟ್ರಿ. ನನಗೆ ಹೊಳೆಯಲಿಲ್ಲ.

ಭಾಯ್ ಬೈಯಲಿಲ್ಲ. ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಚಿಪ್ಪಿಮರಿಗಳು ಅಕ್ಕಿನುಚ್ಚಿನಂತೆ ದಟ್ಟವಾಗಿದ್ದವು.

“ಇದು ಹೊಂಡ ಬರೋಕ್ ಮುಂಚಿಂದೇ. ನಿಮ್ಗೂ ಗೊತ್ತು. ಬರ್ದ್ಬಿಡಿ ಮೇಡಂ, ಯಾರ್ ಕೇಳ್ತಾರೆ?”

ನನಗೂ ಗೊತ್ತಿತ್ತು. ಆದರೆ ಚಿಪ್ಪಿ ತುಂಬಿದ ಬಾಟಲಿಗಳನ್ನೆಲ್ಲ ‘ಮೊದಲಿನವು’ ಎಂದು ನಾನೇ ಆರಿಸಿ, ಆಮೇಲೆ ಮೊದಲು ಚಿಪ್ಪಿ ತುಂಬ ಇತ್ತು ನೋಡಿ ಎಂದು ನಾನೇ ಬರೆದರೆ ಅದಕ್ಕೆ ಸೈನ್ಸ್ ಎನ್ನುತ್ತಾರೆಯೇ? ಒಂದು ವಾರ ಪೆನ್ಸಿಲ್ ಹಿಡಿದು ಕೂತೆ. ಅಪ್ಪಿತಪ್ಪಿಯೂ ಒಂದು ಚೀಟಿಯ ಮೇಲೂ ಇಸವಿ ಬರೆಯಲಿಲ್ಲ. ಪ್ರಾಮಾಣಿಕಳಾಗಿದ್ದೆ ಎಂದು ಹೆಮ್ಮೆಪಡಲೂ ಆಗಲಿಲ್ಲ. ಎಸೆಯಿರಿ ಎಂದವಳೂ ನಾನೇ ತಾನೆ.

ಅಧಿಕಾರಿಗಳ ಮುಂದೆ ರಿಪೋರ್ಟ್ ಮಂಡಿಸಿದ ಮೀಟಿಂಗಿನಲ್ಲಿ ಹೊಂಡದವರ ಕಡೆಯ ಎಕ್ಸ್‌ಪರ್ಟ್, ನನ್ನ ಮಗನ ವಯಸ್ಸಿನವನು, ತುಂಬ ಪೊಲೈಟಾಗಿ ಕೇಳಿದ, “ಮೊದಲಿನ ಡೇಟಾ ಎಲ್ಲಿದೆ ಮೇಡಂ?” ಕೋಪ ಬಂತು, ಆದರೆ ಅವನ ಮೇಲೆ ಕೋಪಿಸಿಕೊಳ್ಳಲು ನನಗೆ ಯಾವ ಹಕ್ಕಿತ್ತು? ಹೋಲಿಕೆಗೆ ಆಧಾರ ಸಾಲದು ಎಂದು ಬರೆದು ಫೈಲ್ ಮುಚ್ಚಿದರು. ಹೊಂಡಗಳು ಉಳಿದವು. ಆ ಹೆಂಗಸಿಗೆ ಮುಖ ತೋರಿಸಲು ನಾನು ಮತ್ತೆ ಆ ದಡಕ್ಕೆ ಹೋಗಲೇ ಇಲ್ಲ.

ನಾನು ರಿಟೈರ್ ಆಗುವ ವರ್ಷ, ಎರಡು ಸಾವಿರದ ಇಸವಿ ದಾಟಿತ್ತು, ಬಂಗಲೆ ಖಾಲಿ ಮಾಡಿ ಲ್ಯಾಬನ್ನು ಕೆ.ಆರ್.ಪುರದ ಒಂದು ಬಾಡಿಗೆ ಕಟ್ಟಡಕ್ಕೆ ಸಾಗಿಸಿದರು. ಲೇಬಲ್ ಇಲ್ಲದ್ದನ್ನೆಲ್ಲ ಚರಂಡಿಗೆ ಸುರಿಯಬೇಕೆಂದು ಆರ್ಡರ್ ಬಂತು. ಆ ನೀಲಿ ಬಾಟಲಿಗಳ ಮುಂದೆ ನಾನು ಸ್ಟೂಲ್ ಎಳೆದುಕೊಂಡು ಕೂತೆ. ಒಂದೊಂದು ಚೀಟಿಯ ಮೇಲೂ ಅಳಿವೆಯ ಹೆಸರು ಬರೆದು, ಕೆಳಗೆ ‘ಜಾಗ ತಿಳಿಯದು, ವರ್ಷ ತಿಳಿಯದು’ ಎಂದು ಸೇರಿಸಿ, ಸೈನ್ ಹಾಕಿ ಒಳಗಿಳಿಸಿದೆ. ಅಷ್ಟು ಮಾತ್ರ ನಿಜವಾಗಿ ಹೇಳಬಹುದಾಗಿತ್ತು.

ರಟ್ಟಿನ ಪೆಟ್ಟಿಗೆ ಎತ್ತಲು ಬಂದ ಭಾಯ್ ನನ್ನ ಕೈ ನೋಡಿದರು.

“ಈಗ ಪೆನ್ಸಿಲ್ಲಾ ಮೇಡಂ?”

ಹೌದು ಭಾಯ್, ಎಂದೆ. ಅವರು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ತಮ್ಮ ಮೋಟು ಪೆನ್ಸಿಲ್ ತೆಗೆದು, ಎದುರಿಗೆ ಕೂತು, ಉಳಿದ ಚೀಟಿಗಳನ್ನು ಅದೇ ಕೆಟ್ಟ ಅಕ್ಷರದಲ್ಲಿ ಬರೆಯತೊಡಗಿದರು.